ಬೆಕ್ಕಿನ ಬೊಜ್ಜಿಗೆ ಹೊಣೆ ಯಾರು?

ದುಂಡಗೆ ಕೊಬ್ಬಿದ ಬೆಕ್ಕನ್ನು ಕಂಡರೆ ‘ಚೆನ್ನಾಗಿ ಸಾಕಿದ್ದಾರೆ’ ಎಂದು ಮನೆಯವರನ್ನು ಹೊಗಳುವುದು ನಮ್ಮ ಜನರ ವಾಡಿಕೆ. ಆದರೆ ಬೊಜ್ಜು ಬೆಕ್ಕಿಗೆ ಭೂಷಣವಲ್ಲ, ಅದು ರೋಗಕ್ಕೆ ಮೂಲ ಎಂಬುದನ್ನು ವಿದ್ಯಾರ್ಥಿ ಮಿತ್ರರೂ ಪೋಷಕರೂ ಮನಗಾಣಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ತಾಳವಾಡಿ ಸೀಮೆ ರೈತರ ಸೀಮೆ. ರಾಗಿ, ಜೋಳ ತುಂಬಿಟ್ಟ ಮನೆಗೆ ಇಲಿ ಬರುವುದು, ಇಲಿಯಿರುವ ಮನೆಗೆ ಬೆಕ್ಕು ಬೇಕಾಗುವುದು ಸಹಜ. ಹಟ್ಟಿ, ಅಟ್ಟ, ಹಿತ್ತಿಲುಗಳಲ್ಲಿ ಇರುಳೆಲ್ಲ ಓಡಾಡುವ ಬೆಕ್ಕಿನ ಮೈಯಲ್ಲಿ ಬೊಜ್ಜು ನಿಲ್ಲುವುದಿಲ್ಲ. ಅಂತಹ ಬೆಕ್ಕುಗಳ ಚಿಂತೆ ನಮಗಿಲ್ಲ. ಆದರೆ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು ನಮ್ಮ ಊರುಗಳ ಅಂಚಿನಲ್ಲೇ ಇದೆ. ಚಿರತೆಗೂ ನಾಯಿಗೂ ಹೆದರಿ ಬೆಕ್ಕನ್ನು ಮನೆಯೊಳಗೇ ಇರಿಸಿಕೊಂಡವರು ಅದಕ್ಕೆ ಕೆಲಸವಿಲ್ಲದ ಊಟವನ್ನು ಹಾಕುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಸ್ವಲ್ಪ ಲೆಕ್ಕ ಹಾಕೋಣ. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಸಾಕು. ಒಂದು ಸಣ್ಣ ಇಲಿಯಿಂದ ಅದಕ್ಕೆ ದೊರೆಯುವುದು ಸುಮಾರು 30 ಕ್ಯಾಲೊರಿ. ಎಂದರೆ ಹೊಟ್ಟೆ ತುಂಬಲು ಅದು ಆರೇಳು ಸಲ ಬೇಟೆಯಾಡಬೇಕು. ಆದರೆ 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 130 ಕ್ಯಾಲೊರಿ ಇದೆ. ಕದಲದೆ ಕುಳಿತಲ್ಲೇ ಅರ್ಧ ದಿನಕ್ಕೂ ಮಿಕ್ಕಿದ ಆಹಾರ! ಮೇಲೆ ಅನ್ನ, ಬನ್ನು, ಬಿಸ್ಕತ್ತು. ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯದೆಂದು ವಿಜ್ಞಾನಿಗಳು 2005ರಲ್ಲಿ ಕಾರಣಸಹಿತ ತೋರಿಸಿದ್ದಾರೆ. ಹಾಗಾದರೆ ಸಿಹಿ ತಿಂಡಿ ಕೊಡುವ ಸಂತೋಷ ನಮ್ಮದೇ ಹೊರತು ಅದರದ್ದಲ್ಲ.

4 ಕಿಲೋ ಇರಬೇಕಾದ ಬೆಕ್ಕು 5 ಕಿಲೋ ಆಯಿತೆಂದರೆ, 60 ಕಿಲೋ ಇರಬೇಕಾದ ಮನುಷ್ಯ 75 ಕಿಲೋ ಆದಂತೆ. ಆ ಭಾರಕ್ಕೆ ಕೀಲುಗಳು ನೋಯುತ್ತವೆ. ಅಟ್ಟಕ್ಕೆ ನೆಗೆಯುತ್ತಿದ್ದ ಬೆಕ್ಕು ಜಗಲಿ ಹತ್ತಲೂ ಹಿಂಜರಿಯುತ್ತದೆ. ಬೆನ್ನಿನ ತುದಿಗೆ ನಾಲಿಗೆ ನಿಲುಕದೆ ಕೂದಲು ಗಂಟುಕಟ್ಟುತ್ತದೆ. ಮನುಷ್ಯರಂತೆ ಅದಕ್ಕೂ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ. ಬೊಜ್ಜಿನ ಬೆಕ್ಕು ಕೆಲವು ದಿನ ಊಟ ಬಿಟ್ಟರಂತೂ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಜೀವಕ್ಕೇ ಅಪಾಯ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಇಲ್ಲಿ ತಿರುಗಿಬಿದ್ದಿದೆ. ತಿನ್ನಿಸುವ ನಮಗೆ ಚೆಲ್ಲಾಟ, ತಿನ್ನುವ ಬೆಕ್ಕಿಗೆ ಪ್ರಾಣಸಂಕಟ.

ಅರಸನು ಇಲಿ ಹಿಡಿಯಲೆಂದು ಮನೆಮನೆಗೆ ಬೆಕ್ಕನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಟ್ಟ ತೆನಾಲಿ ರಾಮಕೃಷ್ಣನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಬಿಸಿ ಹಾಲಿಟ್ಟು ಬೆಕ್ಕಿನ ನಾಲಿಗೆ ಸುಟ್ಟ ಆತನ ಉಪಾಯ ನಗಿಸುವುದಾದರೂ ಅನುಸರಿಸತಕ್ಕದ್ದಲ್ಲ. ಉಪವಾಸವೂ ಮದ್ದಲ್ಲ. ಕೊಬ್ಬಿದ ಬೆಕ್ಕಿನ ಊಟವನ್ನು ಪಶುವೈದ್ಯರನ್ನು ಕೇಳಿ ಮೆಲ್ಲಮೆಲ್ಲನೆ ತಗ್ಗಿಸಬೇಕು. ವಾರಕ್ಕೆ 50 ಗ್ರಾಂ ಇಳಿದರೆ ಸಾಕು.

ನಿಜವಾದ ತೊಡಕು ಬೇರೆಡೆ ಇದೆ. ಬೆಳಿಗ್ಗೆ ಅವ್ವ, ಮಧ್ಯಾಹ್ನ ಅಜ್ಜಿ, ಸಂಜೆ ಶಾಲೆಯಿಂದ ಬಂದ ಮಕ್ಕಳು, ಹೀಗೆ ಒಬ್ಬರಿಗೆ ತಿಳಿಯದಂತೆ ಒಬ್ಬರು ತಟ್ಟೆ ತುಂಬುತ್ತಾರೆ. ಆದುದರಿಂದ ಊಟ ಹಾಕುವ ಹೊಣೆ ಮನೆಯಲ್ಲಿ ಒಬ್ಬರಿಗೇ ಇರಲಿ. ಆ ಒಬ್ಬರು ವಿದ್ಯಾರ್ಥಿಯೇ ಆಗಲಿ. ಮೈ ಸವರಿದಾಗ ಪಕ್ಕೆಲುಬು ಕೈಗೆ ಸಿಗುತ್ತದೆಯೇ, ಮೇಲಿನಿಂದ ನೋಡಿದರೆ ನಡು ಕಾಣುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಲಿ.

ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಮಾಂಸ ತಿನ್ನುವ ಮನೆಗಳಲ್ಲಿ ಉಪ್ಪು ಖಾರವಿಲ್ಲದ ಮೀನು, ಕೋಳಿಯ ಚೂರು ಅಳತೆಯಾಗಿ ಸಿಗಲಿ. ಹಾಲು ಅನ್ನವಷ್ಟೇ ಇರುವ ಮನೆಗಳಲ್ಲಿ ಬೆಕ್ಕಿಗೆ ಇಲಿಯ ಬೇಟೆ ತಪ್ಪಿಸಬಾರದು. ಹಗಲು ಹೊತ್ತು ಹೊರಗೆ ಬಿಡಬೇಕು, ಇಲಿ ಪಾಷಾಣ ಇಡಬಾರದು. ಮನೆಯೊಳಗೆ ದಾರಕ್ಕೆ ಕಟ್ಟಿದ ಬಟ್ಟೆಯ ತುಂಡನ್ನು ಹತ್ತು ನಿಮಿಷ ಎಳೆದಾಡಿದರೂ ವ್ಯಾಯಾಮವಾದೀತು.

ಬಾಯಿಲ್ಲದ ಪ್ರಾಣಿ ‘ಸಾಕು’ ಎನ್ನಲಾರದು. ಅದರ ಪರವಾಗಿ ‘ಸಾಕು’ ಎನ್ನುವುದನ್ನು ಸಾಕಿದವರೇ ಕಲಿಯಬೇಕು.