ಕೈ ನಡುಗಲಿಲ್ಲ, ರಬ್ಬರು ಸವೆದಿತ್ತು

ನಮ್ಮ ಮನೆಯಲ್ಲಿ ಒಂದು ಹಳೆಯ ಸ್ಟಾಂಡರ್ಡ್ ಹೆರಾಲ್ಡ್ ಕಾರಿದೆ. ಮಾವನವರು 1970ರಲ್ಲಿ ಕೊಂಡದ್ದು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎನಿಸಿಕೊಂಡ ಇದನ್ನು 1961ರಿಂದ ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು ಇಲ್ಲಿಯೇ ತಯಾರಿಸಿದರು. ನಾಲ್ಕು ಬಾಗಿಲಿನ ಹೆರಾಲ್ಡ್ ಅಂತೂ ನಮ್ಮ ದೇಶದ್ದೇ ಕೂಸು, ನಮ್ಮದು ಅದು. ಯಜಮಾನರ ದೃಷ್ಟಿ ಮಂದವಾದಾಗಿನಿಂದ ಓಡಿಸುವವಳು ನಾನು. ರವಿವಾರ ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿ ವಿದ್ಯಾನಗರದ ತಂಗಿಯ ಮನೆಗೆ, ಸಂಜೆ ವಾಪಸು.

ಹೋದ ವರ್ಷ ಗಾಡಿ ರಸ್ತೆಯ ಮೇಲೆ ಅತ್ತಿತ್ತ ಸರಿದಾಡತೊಡಗಿತು. ಸ್ಟೇರಿಂಗನ್ನು ಎರಡು ಬೆರಳಷ್ಟು ತಿರುಗಿಸಿದರೂ ಗಾಲಿಗಳು ತಮಗೆ ಸಂಬಂಧವಿಲ್ಲದಂತೆ ಸುಮ್ಮನಿರುತ್ತಿದ್ದವು. ಪಕ್ಕದಲ್ಲಿ ಕೂತ ಯಜಮಾನರು, "ನೆಟ್ಟಗ ಹಿಡಿ ನೋಡೋಣ" ಎನ್ನುವರು. ಮಗ ಫೋನಿನಲ್ಲಿ, "ಅವ್ವಾ, ವಯಸ್ಸಾತು, ಇನ್ನ ಸಾಕ ಮಾಡು" ಎಂದ. ತಂಗಿಯೂ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನೂ ನಂಬಿದೆ. ನಾಲ್ಕು ತಿಂಗಳು ನಂಬಿದೆ! ಉಣಕಲ್ಲ ಕೆರೆಯ ಹತ್ತಿರ ಗಾಡಿ ಚಿಗರಿ ಬಸ್ಸಿನ ಕಟಾಂಜನದ ಕಡೆ ವಾಲಿ, ಒಂದು ಮೊಳ ಉಳಿದಿದೆ ಎನ್ನುವಾಗ ತಿರುಗಿಕೊಂಡಿತು. ಆಗಲೂ ನಾನು ಬೈದುಕೊಂಡದ್ದು ನನ್ನನ್ನೇ. ಈ ಬರಹದ ಸಿಟ್ಟೆಲ್ಲ ಆ ನಾಲ್ಕು ತಿಂಗಳದ್ದು.

ಗ್ಯಾರೇಜಿಗೆ ಹೋದೆ. ಮಿಸ್ತ್ರಿ ನನ್ನ ಮಾತು ಕೇಳುತ್ತಲೇ ನನ್ನ ಬೆನ್ನ ಹಿಂದೆ ನೋಡಿದ. "ಸಾಹೇಬ್ರು ಬಂದಿಲ್ಲೇನ್ರಿ ಬಾಯಾರ?"

ಇಲ್ಲವೆಂದೆ.

"ಹಳೇ ಗಾಡಿ ಅಲ್ರೀ, ಅಷ್ಟ ಆಟ ಇರೋದ ಬಿಡ್ರಿ. ನೀವ ಸ್ಟೇರಿಂಗ್ ಭಾಳ ಅಲಗಾಡಸ್ತೀರಿ ಕಾಣಸ್ತದ."

ಬಾನೆಟ್ ಎತ್ತಿ ನೋಡುವ ತೊಂದರೆಯನ್ನೂ ಅವನು ತೆಗೆದುಕೊಳ್ಳಲಿಲ್ಲ. ಎತ್ತಿದ್ದು ನಾನು, ಮನೆಯ ಅಂಗಳದಲ್ಲಿ. ಹೆರಾಲ್ಡಿನ ಬಾನೆಟ್ ಮೂತಿಯ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹೊಟ್ಟೆಯೊಳಗಿನದೆಲ್ಲ ನಿಂತಲ್ಲಿಂದಲೇ ಕಾಣಿಸುತ್ತದೆ. ತಂಗಿಯ ಮಗಳನ್ನು ಒಳಗೆ ಕೂಡಿಸಿ, ಸ್ಟೇರಿಂಗನ್ನು ಸ್ವಲ್ಪವೇ ಆಚೆ ಈಚೆ ಆಡಿಸು ಎಂದೆ. ಸ್ಟೇರಿಂಗಿನ ದಂಡ ಕೆಳಗಿಳಿದು ಗಾಲಿ ತಿರುಗಿಸುವ ರ‍್ಯಾಕಿಗೆ ಸೇರುವಲ್ಲಿ ಒಂದು ಕಪ್ಲಿಂಗ್ ಇದೆ. ಎರಡು ಕಬ್ಬಿಣದ ತುಂಡು, ನಡುವೆ ರಬ್ಬರು. ರಸ್ತೆಯ ಹೊಡೆತ ಕೈಗೆ ತಾಕದಿರಲಿ, ದಂಡ ತುಸು ಓರೆಯಾದರೂ ನಡೆಯಲಿ ಎಂದು ಆ ರಬ್ಬರು. ಹುಡುಗಿ ಆಡಿಸಿದರೆ ಮೇಲಿನ ತುಂಡು ತಿರುಗುತ್ತಿತ್ತು, ಕೆಳಗಿನದು ತಡೆದು ಹೊರಡುತ್ತಿತ್ತು. ರಬ್ಬರು ಒಣಗಿ, ಬಿರಿದು, ಪುಡಿ ಉದುರುತ್ತಿತ್ತು. ನನ್ನ ಕೈಗೆ ಏನೂ ಆಗಿರಲಿಲ್ಲ.

ಅಕ್ಕತಂಗಿಯರೇ, ಇದರಲ್ಲಿ ತಿಳಿಯದಂಥದ್ದು ಏನಿದೆ? ಮಿಕ್ಸರಿನ ಜಾರಿನ ಕೆಳಗಿನ ಕಪ್ಲರ್ ಸವೆದರೆ ಮೋಟಾರು ಗುಂಯ್‌ಗುಡುತ್ತದೆ, ಚಟ್ನಿ ಅರೆಯುವುದಿಲ್ಲ. ಆಗ ನಮ್ಮ ಕೈ ನಡುಗಿತೆಂದು ಯಾರಾದರೂ ಹೇಳುತ್ತಾರೆಯೇ? ಕುಕ್ಕರಿನ ಗ್ಯಾಸ್ಕೆಟ್ ಬಿರುಸಾದದ್ದನ್ನು ಮುಟ್ಟಿ ಹೇಳುವ ನಾವೇ, ಗಾಡಿಯ ಮಾತು ಬಂದೊಡನೆ "ಅದೆಲ್ಲಾ ನಮಗ್ಯಾಕ್ರಿ, ಅವರು ನೋಡ್ಕೋತಾರ" ಎಂದು ಸೆರಗು ಸರಿಮಾಡಿಕೊಳ್ಳುತ್ತೇವೆ. (ಹೆಂಗಸರಿಗೆ ಅಡಿಗೆಮನೆಯ ಉದಾಹರಣೆಯನ್ನೇ ಕೊಡಬೇಕೆಂದು ಕೊಟ್ಟದ್ದಲ್ಲ, ಎರಡೂ ಕಡೆ ಕೆಲಸ ಒಂದೇ, ಅದಕ್ಕೆ.) ವ್ಯತ್ಯಾಸವೆಂದರೆ ಮಿಕ್ಸರು ಕೆಟ್ಟರೆ ಚಟ್ನಿ ತಪ್ಪುತ್ತದೆ, ಈ ಕಪ್ಲಿಂಗ್ ಕಳಚಿದರೆ ಸ್ಟೇರಿಂಗ್ ಕೈಯಲ್ಲಿ ಉಳಿದು ಗಾಡಿ ತನ್ನ ದಾರಿ ಹಿಡಿಯುತ್ತದೆ. ಯಾರ ಜೀವ ಆ ಸೀಟಿನಲ್ಲಿದೆಯೋ ಅವರಿಗೆ ಯಾಕೆಂದು ಕೇಳುವ ಅಧಿಕಾರವಿಲ್ಲವೆ?

1888ರಲ್ಲಿ ಜರ್ಮನಿಯ ಬರ್ಥಾ ಬೆಂಝ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಅವನು ಕಟ್ಟಿದ ಮೋಟಾರು ಗಾಡಿಯನ್ನು ಸುಮಾರು 100 ಕಿಲೋಮೀಟರು ಓಡಿಸಿಕೊಂಡು ತವರಿಗೆ ಹೋದಳು. ಇಂಧನದ ನಳಿಗೆ ಕಟ್ಟಿದಾಗ ಟೊಪ್ಪಿಗೆಯ ಪಿನ್ನು ಚುಚ್ಚಿ ಬಿಡಿಸಿದಳು; ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವನಿಂದ ಚರ್ಮ ಬಡಿಸಿದಳು. ಸಾಹೇಬರನ್ನು ಕರೆಯಿರಿ ಎಂದು ಅವಳಿಗೆ ಯಾರು ಹೇಳಬೇಕಿತ್ತು, ಪಾಪ!

ಮತ್ತೆ ಅದೇ ಗ್ಯಾರೇಜಿಗೆ ಹೋದೆ, ಬೇಕೆಂದೇ. ಕಪ್ಲಿಂಗ್ ತೋರಿಸಿದೆ. "ಹೌದಲ್ರೀ!" ಎಂದವನು ಮರುಕ್ಷಣವೇ, "ವೆಲ್ಡ್ ಹೊಡದ ಬಿಡ್ತೀನ್ರಿ, ಜನ್ಮದಾಗ ಅಲಗಾಡಂಗಿಲ್ಲ" ಎಂದ. ಬೆಸುಗೆ ಹಾಕಿದರೆ ರಸ್ತೆಯ ಪ್ರತಿ ಗುಂಡಿಯ ಪೆಟ್ಟು ನೇರ ರ‍್ಯಾಕಿಗೂ ಕೈಗೂ. ಮುಂದೆ ಬಿಚ್ಚಬೇಕೆಂದರೆ ಕೊಯ್ಯಬೇಕು. ಬೇಡವೆಂದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸರಿಯಾದ ಕಪ್ಲಿಂಗ್ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಗಾಡಿ ಅಂಗಳದಲ್ಲಿ, ನಾನು ಚಿಗರಿ ಬಸ್ಸಿನಲ್ಲಿ.

ಜೋಡಿಸುವಾಗ ಪಕ್ಕದಲ್ಲೇ ಸ್ಟೂಲು ಹಾಕಿ ಕೂತೆ. ಗಾಲಿ ನೆಟ್ಟಗೆ, ಸ್ಟೇರಿಂಗೂ ನೆಟ್ಟಗೆ ಇದ್ದಾಗಲೇ ಬೋಲ್ಟು ಬಿಗಿಯಬೇಕೆಂದೆ. ಗೊಣಗುತ್ತ ಬಿಗಿದ. ಕೊನೆಗೆ ಹಾರ್ನ್ ಒತ್ತಿದರೆ ಸದ್ದೇ ಇಲ್ಲ.

"ಹಾರ್ನ್ ಹೋಗೇದ್ರಿ. ಹೊಸಾದ ಹಾಕಬೇಕು."

ಈ ಗಾಡಿಯಲ್ಲಿ ಹಾರ್ನಿನ ಕರೆಂಟು ಸ್ಟೇರಿಂಗಿನ ದಂಡದಿಂದಲೇ ಬಾಡಿಗೆ ಇಳಿಯಬೇಕು. ರಬ್ಬರು ಕರೆಂಟು ಬಿಡುವುದಿಲ್ಲ; ಅದಕ್ಕೇ ಕಪ್ಲಿಂಗಿನ ಎರಡೂ ತುಂಡುಗಳಿಗೆ ಒಂದು ಚೋಟುದ್ದದ ತಂತಿ ಕಟ್ಟಿರುತ್ತಾರೆ. ಅದು ಅವನ ಪಾನಾಗಳ ನಡುವೆ ನೆಲದ ಮೇಲೆ ಬಿದ್ದಿತ್ತು. ಎತ್ತಿ ಕೊಟ್ಟೆ. ಕಟ್ಟಿದ. ಹಾರ್ನ್ ಕೂಗಿತು.

ಆ ಬಳಿಕ ಅವನು ನನ್ನ ಬೆನ್ನ ಹಿಂದೆ ನೋಡಲಿಲ್ಲ. ಬಿಲ್ಲು ಮಾತ್ರ ಯಜಮಾನರ ಹೆಸರಿನಲ್ಲಿ ಬರೆದಿದ್ದ. ಹರಿಸಿ, ಇನ್ನೊಂದು ಬರೆಸಿಕೊಂಡೆ.