ಛತ್ರದ ಹೆಸರು ಹೊತ್ತ ರಾಜಧಾನಿ

ನೇಪಾಳದ ರಾಜಧಾನಿಯನ್ನು ಕನ್ನಡದಲ್ಲಿ ಕೆಲವರು ಕಠ್ಮಂಡು ಎಂದು ಬರೆಯುತ್ತಾರೆ, ಕೆಲವರು ಕಾಠ್ಮಂಡು ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಬರೆದಾಗ ದೀರ್ಘ ಹಾರಿಹೋಗುವುದು ಸಹಜ. ಆದರೆ ಈ ಹೆಸರಿನಲ್ಲಿ ಮರ ಇರುವುದೇ ಆ ದೀರ್ಘಾಕ್ಷರದಲ್ಲಿ. ಮೂಲ ಪದ ಕಾಷ್ಠಮಂಡಪ. ಕಾಷ್ಠಶಿಲ್ಪ, ಕಾಷ್ಠಮೌನ ಎಂದು ಬಳಸುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಷ್ಠ ಸವೆದು ಕಾಠ್ ಆಯಿತು. ಮಂಡಪ ನೇಪಾಳಿಗರ ಬಾಯಲ್ಲಿ ‘ಮಾಡೌ’ ಎಂದಾಗಿದೆ. ಹಾಗಾಗಿ ಕಾಠ್ಮಂಡು ಎಂದು ಬರೆಯುವುದೇ ಸರಿ.

ಆ ಮಂಡಪ ಇಂದಿಗೂ ಇದೆ. ಹಳೆಯ ಅರಮನೆಯ ಹನುಮಾನ್ ಢೋಕಾ ಚೌಕದ ಮಗ್ಗುಲಲ್ಲೇ ಇರುವ ಮರು ಎಂಬ ಕೇರಿಯಲ್ಲಿ ನಿಂತಿದೆ. ಸ್ಥಳೀಯರು ಅದನ್ನು ಮರು ಸತ್ತಲ್ ಎನ್ನುತ್ತಾರೆ. ಸತ್ತಲ್ ಎಂದರೆ ದಾರಿಹೋಕರು, ವ್ಯಾಪಾರಿಗಳು, ಸಾಧುಗಳು ಇಳಿದುಕೊಳ್ಳುವ ಛತ್ರ. ಭಾರತಕ್ಕೂ ಟಿಬೆಟ್ಟಿಗೂ ನಡುವಿನ ವ್ಯಾಪಾರದ ದಾರಿಗಳು ಕೂಡುತ್ತಿದ್ದ ಜಾಗದಲ್ಲಿ ಇಂಥದೊಂದು ಛತ್ರ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ, ಅದಕ್ಕಿಂತಲೂ ಗೌರವದ ಸಂಗತಿಯೆಂದರೆ, ಇಷ್ಟೊಂದು ಗುಡಿ, ವಿಹಾರ, ಅರಮನೆಗಳಿರುವ ಊರು ಅವೆಲ್ಲವನ್ನೂ ಬಿಟ್ಟು ಛತ್ರದ ಹೆಸರನ್ನು ಉಳಿಸಿಕೊಂಡದ್ದು. ಇಸ್ಲಾಮಾಬಾದ್ ಧರ್ಮದ ಹೆಸರು ಹೊತ್ತಿದೆ, ಶ್ರೀಲಂಕಾದ ಶ್ರೀ ಜಯವರ್ಧನಪುರ ಕೋಟ್ಟೆ ಗೆಲುವಿನ ಹೆಸರು ಹೊತ್ತಿದೆ. ಕಾಠ್ಮಂಡುವಿನದು ಊರಿಗೆ ಬಂದವರಿಗೆ ಸೂರು ಕೊಟ್ಟ ಕಟ್ಟಡದ ಹೆಸರು.

ಒಂದೇ ಮರದ ತೊಲೆಗಳಿಂದ ಇಡೀ ಮಂಡಪ ಎದ್ದಿತು ಎಂಬುದು ಜನರ ನಂಬಿಕೆ. ಲೀಲಾನಾಥನೆಂಬ ಜೋಗಿ ಕಲ್ಪವೃಕ್ಷದಿಂದ ಆ ಮರ ಪಡೆದನಂತೆ. ಉಪ್ಪು ಮತ್ತು ಎಣ್ಣೆಯ ಬೆಲೆ ಒಂದೇ ಆಗುವ ತನಕ ಶಿಖರ ಏರಿಸುವುದಿಲ್ಲ ಎಂದು ಮಾತು ಕೊಟ್ಟನಂತೆ. 1596ರಲ್ಲಿ ಕಟ್ಟಿದ್ದೆಂದು ಹಳೆಯ ಪುಸ್ತಕಗಳು ಬರೆದಿದ್ದವು. ಆದರೆ 1143ರ ಹಸ್ತಪ್ರತಿಯೊಂದರಲ್ಲೇ ಕಾಷ್ಠಮಂಡಪದ ಹೆಸರಿದೆ. ನಿಜವಾದ ವಯಸ್ಸು ತಿಳಿಯಲು ಮಾತ್ರ ಕಟ್ಟಡವೇ ಬೀಳಬೇಕಾಯಿತು.

2015ರ ಏಪ್ರಿಲ್ 25, ಶನಿವಾರ. ಮಂಡಪದಲ್ಲಿ ರಕ್ತದಾನ ಶಿಬಿರ ನಡೆಯುತ್ತಿದ್ದಾಗ ಭೂಮಿ ನಡುಗಿತು. ರಕ್ತ ಕೊಡಲು ಬಂದವರ ಮೇಲೆಯೇ ಕಟ್ಟಡ ಕುಸಿದು ಜೀವಗಳು ಹೋದವು. ಆಮೇಲೆ ನೇಪಾಳದ ಪುರಾತತ್ವ ಇಲಾಖೆ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ತಜ್ಞರು ಅಲ್ಲಿ ಅಗೆದರು. ತಳಪಾಯ ಏಳನೆಯ ಶತಮಾನದ್ದು ಎಂದು ಗೊತ್ತಾಯಿತು. ಅದಕ್ಕಿಂತ ದೊಡ್ಡ ಸಂಗತಿ, ಆ ಪುರಾತನ ತಳಪಾಯ ಭೂಕಂಪಕ್ಕೆ ಜಗ್ಗಿರಲಿಲ್ಲ. ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು, ಇಪ್ಪತ್ತನೆಯ ಶತಮಾನದ ದುರಸ್ತಿಯ ಹೊತ್ತಿಗೆ ತನ್ನ ಪೀಠದ ಕಲ್ಲಿನಿಂದ ಬೇರೆಯಾಗಿತ್ತು. ಹಳಬರ ಕೆಲಸ ನಿಂತಿತ್ತು, ಹೊಸಬರ ದುರಸ್ತಿ ಕೈಕೊಟ್ಟಿತ್ತು. ಉಕ್ಕು, ಕಾಂಕ್ರೀಟು ಸೇರಿಸಿ ಮತ್ತೆ ಕಟ್ಟುವ ಮಾತು ಬಂದಾಗ ಊರಿನವರು ಒಪ್ಪದಿದ್ದದ್ದು ಅದಕ್ಕೇ ನ್ಯಾಯ. ಹಟ ಹಿಡಿದರು, ಬೀದಿಗಿಳಿದರು. ಹಳೆಯ ಕ್ರಮದಲ್ಲೇ ಮರದಿಂದ ಎದ್ದ ಮಂಡಪ 2022ರಲ್ಲಿ ಪೂರ್ಣಗೊಂಡಿತು.

ಇಷ್ಟೆಲ್ಲ ಹೋರಾಡಿದ ಮೂಲನಿವಾಸಿ ನೇವಾರರು ಮನೆಯಲ್ಲಿ ತಮ್ಮ ಊರನ್ನು ಕಾಠ್ಮಂಡು ಎನ್ನುವುದಿಲ್ಲ. ಅವರಿಗೆ ಅದು ‘ಯೆಂ’. ಪಕ್ಕದ ಲಲಿತಪುರ ಅವರ ಮಾತಿನಲ್ಲಿ ಯಲ, ಭಕ್ತಪುರ ಖ್ವಪ. ಹೊರಗಿನವರು ಇಂದ್ರಜಾತ್ರೆ ಎನ್ನುವ ಹಬ್ಬ ಅವರಿಗೆ ಯೆಂಯಾ, ಅಂದರೆ ಯೆಂ ಊರಿನ ಜಾತ್ರೆ. 1768ರಲ್ಲಿ ಗೋರ್ಖಾದ ದೊರೆ ಪೃಥ್ವಿನಾರಾಯಣ ಶಾಹ ಊರನ್ನು ಗೆದ್ದದ್ದೂ ಆ ಜಾತ್ರೆಯ ದಿನವೇ. ಅದಕ್ಕೆ ಮುಂಚೆ ಆಳಿದ ಮಲ್ಲ ದೊರೆಗಳ ಕಾಲದ ಕಾಂತಿಪುರ ಎಂಬ ಹೆಸರು ಈಗ ಅಲ್ಲಿನ ಹೆಸರಾಂತ ದಿನಪತ್ರಿಕೆಯಲ್ಲಿ ಬದುಕಿದೆ. ಇನ್ನು ಗುಡ್ಡಗಾಡಿನ ಹಿರಿಯರು ರಾಜಧಾನಿಗೆ ಹೊರಟರೆ ‘ನೇಪಾಳಕ್ಕೆ ಹೋಗುತ್ತೇನೆ’ ಎನ್ನುತ್ತಿದ್ದರು. ನೇಪಾಳದೊಳಗೇ ಇದ್ದುಕೊಂಡು ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಬಹುಕಾಲ ನೇಪಾಳ ಎಂದರೆ ಆ ಒಂದು ಕಣಿವೆ ಮಾತ್ರವಾಗಿತ್ತು.

ನೇವಾರರ ನುಡಿಗೆ ನೇಪಾಲಭಾಷಾ ಎಂದು ಹೆಸರು ಬಂದದ್ದೂ ಅದೇ ಕಣಿವೆಯಿಂದ. ಇಂದು ನೇಪಾಳಿ ಎನಿಸಿಕೊಂಡಿರುವುದು ಬೇರೆಯೇ ಭಾಷೆ, ಹಿಂದೆ ಖಸ್ ಕುರಾ, ಗೋರ್ಖಾಲಿ ಎನಿಸಿಕೊಳ್ಳುತ್ತಿದ್ದುದು. ದೇಶ ದೊಡ್ಡದಾದಾಗ ಹೆಸರು ಗೆದ್ದವರ ಭಾಷೆಗೆ ಹೋಯಿತು. ಹೆಸರಿನ ಮೂಲ ಒಡೆಯರ ಭಾಷೆ ಕಚೇರಿಯ ಹೊರಗೆ ಉಳಿಯಿತು. ಕಾಠ್ಮಂಡು ಮಹಾನಗರಪಾಲಿಕೆ ತನ್ನ ವ್ಯವಹಾರದಲ್ಲಿ ನೇಪಾಳಿಯ ಜೊತೆಗೆ ನೇಪಾಲಭಾಷೆಯನ್ನೂ ಬಳಸಲು ಹೊರಟಾಗ 1999ರ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರ ಎಂದಿತು. ನೇವಾರರು ಆ ದಿನವನ್ನು ಕರಾಳ ದಿನವೆಂದು ಆಚರಿಸುತ್ತ ಬಂದರು. ಆ ಊರಿನ ಮಾತನ್ನೇ ಆ ಊರಿನ ಪಾಲಿಕೆಯಿಂದ ದೂರವಿಟ್ಟ ತೀರ್ಪು ಅನ್ಯಾಯದ್ದು ಎಂದು ನೇರವಾಗಿಯೇ ಹೇಳಬೇಕು.

ಗಾಳಿ ಈಗ ತಿರುಗುತ್ತಿದೆ. 2015ರ ಸಂವಿಧಾನ ಪ್ರಾಂತಗಳಿಗೆ ತಮ್ಮ ಜನರ ಭಾಷೆಗಳನ್ನು ಆಡಳಿತ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಕಾಠ್ಮಂಡು ಸೇರಿರುವ ಬಾಗ್ಮತಿ ಪ್ರಾಂತ 2024ರಲ್ಲಿ ತಮಾಂಗ್ ಮತ್ತು ನೇಪಾಲಭಾಷೆಗಳಿಗೆ ಆ ಸ್ಥಾನ ನೀಡಿತು. ಕಾನೂನು ಬಂದ ಮಾತ್ರಕ್ಕೆ ಅರ್ಜಿ, ರಸೀದಿ, ಫಲಕಗಳು ಬದಲಾಗವು. ಕಚೇರಿಗಳಲ್ಲಿ ಕನ್ನಡಕ್ಕಾಗಿ ದಶಕಗಳ ಕಾಲ ಗುದ್ದಾಡಿದವರಿಗೆ ಆ ಅಂತರ ಚೆನ್ನಾಗಿ ಗೊತ್ತು. ಕಾಠ್ಮಂಡುವಿನೊಂದಿಗೆ ನಮಗೆ ಇನ್ನೊಂದು ನಂಟೂ ಇದೆ. ಅಲ್ಲಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದವರು ಎಂದು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಅಭಿಮಾನದಿಂದ ಇಲ್ಲಿಂದ ಹೊರಡುವ ಯಾತ್ರಿಕರು ಮರು ಕೇರಿಗೂ ಹೋಗಲಿ. ಪಶುಪತಿಯಿಂದ ಅದು ಕೆಲವೇ ಕಿಲೋಮೀಟರು.