ಹಿಂದಿನ ದೀಪ ಯಾರ ಸೊತ್ತು?

ಕಳೆದ ದೀಪಾವಳಿಯ ಸಮಯ. ನಮ್ಮ ಹೋಟೆಲಿನ ಹಿಂದಣ ಗಲ್ಲಿಯಲ್ಲಿ ತರಕಾರಿ ಟೆಂಪೋ ನಿಂತಿತ್ತು. ಗೇಟಿಗೆ ಬಳಿದು ಉಳಿದ ಕೆಂಪು ಎನಾಮೆಲ್ ಬಣ್ಣವನ್ನು ಚಾಲಕನು ಕುಂಚದಿಂದ ಹಿಂದಿನ ದೀಪಗಳಿಗೆ ಬಳಿಯುತ್ತಿದ್ದ. ಏನಿದು ಎಂದು ಕೇಳಿದೆ. "ಬಿಸಿಲಿಗೆ ಬಿಳಿಚಿ ಹೋಗಿದೆಯಣ್ಣಾ. ಹೊಸದು ಯಾಕೆ, ಇದನ್ನೇ ಬಳಿದುಬಿಡು ಅಂದರು ಧಣಿಗಳು" ಎಂದ. ಬಣ್ಣ ಒಣಗಿತು. ದೀಪ ಹೊಚ್ಚ ಹೊಸದರಂತೆ ಮಿಂಚಿತು. ಮರುದಿನ ನಸುಕಿನ 3 ಗಂಟೆಗೆ ಅದೇ ಟೆಂಪೋ ವಾಶಿಯ ಮಾರ್ಕೆಟ್ಟಿಗೆ ಹೊರಟಾಗ, ಇಪ್ಪತ್ತು ಹೆಜ್ಜೆ ದೂರದಿಂದಲೇ ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಹಿಂಬದಿಯಲ್ಲಿ, ಖಾಲಿ ಗೋಣಿಗಳ ಮೇಲೆ, ನಮ್ಮ ಇಬ್ಬರು ಮಾಣಿಗಳು ತೂಕಡಿಸುತ್ತ ಕುಳಿತಿದ್ದರು.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಈ ಹಿಂದಿನ ದೀಪ ಯಾರ ಸೊತ್ತು?

ಗಾಡಿ ಧಣಿಯದು ನಿಜ. ಮುಂದಿನ ದೀಪ ಚಾಲಕನಿಗೆ ದಾರಿ ತೋರಿಸುತ್ತದೆ, ಹಾರ್ನು ಅವನಿಗೆ ದಾರಿ ಬಿಡಿಸುತ್ತದೆ. ಆದರೆ ಹಿಂದಿನ ದೀಪವನ್ನು ಓಡಿಸುವವನು ಒಮ್ಮೆಯೂ ನೋಡಲಾರ. ಅದರ ಬೆಳಕು ಇರುವುದು ಹಿಂದೆ ಬರುವ ಅಪರಿಚಿತನಿಗಾಗಿ. ಹಿಂದೆ ಬರುವ ಲಾರಿಯವನಿಗೆ, ಸ್ಕೂಟರಿನಲ್ಲಿ ಊಟದ ಪೊಟ್ಟಣ ಒಯ್ಯುವ ಹುಡುಗನಿಗೆ, ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮರಳುವ ಕೆಲಸಗಾರನಿಗೆ ಅದು ಸಲ್ಲತಕ್ಕದ್ದು. ಪರರಿಗೆ ಸಲ್ಲತಕ್ಕದ್ದನ್ನು ತನ್ನ ಉಳಿತಾಯಕ್ಕಾಗಿಯೋ ಶೋಕಿಗಾಗಿಯೋ ಮುಚ್ಚುವುದಕ್ಕೆ ಏನೆನ್ನಬೇಕು? ಕಳವು ಎನ್ನದೆ ಬೇರೆ ಹೆಸರಿಲ್ಲ.

"ಕೆಂಪು ಮಾಸಿದೆ, ಕೆಂಪು ಬಳಿದರೆ ತಪ್ಪೇನು?" ಎಂದು ಕೇಳುವವರುಂಟು. ಉತ್ತರ ನಮ್ಮ ಅಡುಗೆ ಮನೆಯಲ್ಲೇ ಇದೆ. ದೀಪದ ಮೇಲಿನ ಕೆಂಪು ಹೊದಿಕೆ ಬೆಳಕನ್ನು ಹುಟ್ಟಿಸುವುದಿಲ್ಲ, ಸೋಸುತ್ತದೆ. ಒಳಗಿನ ಬಲ್ಬಿನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಉಳಿದವನ್ನು ತಡೆದು ಕೆಂಪನ್ನು ಮಾತ್ರ ಹೊರಗೆ ಬಿಡುವುದು ಹೊದಿಕೆಯ ಕೆಲಸ. ಅದು ಚಹಾ ಸೋಸುವ ಬಟ್ಟೆಯ ಹಾಗೆ. ಆ ಬಟ್ಟೆ ಸವೆದಿದೆಯೆಂದು ಅದರ ಮೇಲೆ ದಪ್ಪ ಗೋಣಿ ಹಾಸಿದರೆ ಲೋಟಕ್ಕೆ ಚಹಾ ಬಿದ್ದೀತೇ? ಎನಾಮೆಲ್ ಬಣ್ಣ ಅಂಥ ಗೋಣಿ. ಗೇಟಿನ ಕಬ್ಬಿಣ ಕಾಣದಂತೆ ಮುಚ್ಚುವುದಕ್ಕೇ ಅದನ್ನು ಮಾಡಿದ್ದಾರೆ. ಕಬ್ಬಿಣವನ್ನು ಮುಚ್ಚುವ ಬಣ್ಣ ಬೆಳಕನ್ನೂ ಮುಚ್ಚುತ್ತದೆ.

ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೂಲಿನೊಳಗೆ ಇಳಿದ ಬಣ್ಣ ಬೇರೆ, ಬಟ್ಟೆಯ ಮೇಲೆ ಬಳಿದ ಬಣ್ಣ ಬೇರೆ. ಹಿಂದಿನ ದೀಪದ ಪ್ಲಾಸ್ಟಿಕ್ಕಿನಲ್ಲಿ ಕೆಂಪು ಒಡಲೊಳಗೇ ಬೆರೆತಿರುತ್ತದೆ. ವರ್ಷಗಟ್ಟಲೆ ಬಿಸಿಲು ಬಡಿದು ಆ ಕೆಂಪು ಸತ್ತಾಗ ಮೇಲೆ ಬಳಿದು ಅದನ್ನು ಬದುಕಿಸಲಾಗದು. ಥಿನ್ನರ್ ಸೇರಿದ ಬಣ್ಣ ತಾಕಿದರೆ ಆ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯ ಬಿರುಕುಗಳೂ ಮೂಡಬಹುದು.

ಇನ್ನು ನಮ್ಮ ತರುಣ ತಮ್ಮಂದಿರ ಶೋಕಿಯ ಮಾತು. ಚೆನ್ನಾಗಿರುವ ಕೆಂಪು ದೀಪಕ್ಕೇ ಮನೆಯಂಗಳದಲ್ಲಿ ಕಪ್ಪು ಸ್ಪ್ರೇ ಹೊಡೆದು, ಹೊಗೆ ಬಣ್ಣದ ಹಾಳೆ ಅಂಟಿಸಿ, "ಗಾಡಿಗೆ ಗತ್ತು ಬಂತು" ಎನ್ನುತ್ತಾರೆ. ತಮ್ಮಾ, ಲೆಕ್ಕ ಹಾಕು. ಒಂದು ಲೇಪ ಅರ್ಧ ಬೆಳಕನ್ನು ಬಿಟ್ಟು ಅರ್ಧವನ್ನು ನುಂಗುತ್ತದೆ ಎಂದಿಟ್ಟುಕೊ. ಎರಡು ಲೇಪಕ್ಕೆ ಉಳಿಯುವುದು ಕಾಲುಭಾಗ. ಅನೇಕ ಗಾಡಿಗಳಲ್ಲಿ ಆ ಹೊದಿಕೆಯಲ್ಲೇ ಪ್ರತಿಫಲಕವೂ ಇರುತ್ತದೆ. ಬಲ್ಬು ಸುಟ್ಟುಹೋದರೂ ಹಿಂದಿನವನ ಬೆಳಕನ್ನು ಅವನಿಗೇ ಮರಳಿಸಿ ಎಚ್ಚರಿಸುವ ಭಾಗ ಅದು. ಬೆಳಕು ಅಲ್ಲಿ ಲೇಪವನ್ನು ದಾಟಿ ಒಳಹೋಗಬೇಕು, ದಾಟಿಯೇ ಹೊರಬರಬೇಕು. ಕಾಲುಭಾಗದಲ್ಲಿ ಮತ್ತೆ ಕಾಲುಭಾಗ, ಅಂದರೆ ಹದಿನಾರರಲ್ಲಿ ಒಂದು ಪಾಲು! ಕೆಟ್ಟು ನಿಂತ ಗಾಡಿಗೆ ಕತ್ತಲೆಯಲ್ಲಿ ಉಳಿಯುವ ಕಡೆಯ ಕಾವಲುಗಾರನ ಕಣ್ಣಿಗೆ ನೀನು ಬಟ್ಟೆ ಕಟ್ಟಿದಂತಾಯಿತು.

60 ಕಿಲೋಮೀಟರ್ ವೇಗದ ಲಾರಿ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಬರುತ್ತದೆ. ನಿನ್ನ ಬ್ರೇಕ್ ದೀಪ ಹತ್ತಿತೋ ಇಲ್ಲವೋ ಎಂದು ಅದರ ಚಾಲಕ ಒಂದು ಸೆಕೆಂಡು ಅನುಮಾನಿಸಿದರೆ ಆ 17 ಮೀಟರ್ ಹೋಯಿತು. ಕೆಲವೊಮ್ಮೆ ಬದುಕಿಗೂ ಸಾವಿಗೂ ಇರುವ ಅಂತರ ಅದಕ್ಕಿಂತ ಕಡಿಮೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ.

"ಹಾಗಾದರೆ ಮಾಸಿದ್ದನ್ನು ಹಾಗೆಯೇ ಬಿಡಬೇಕೆ?" ಖಂಡಿತ ಬಿಡಬಾರದು. ಕೆಂಪು ಮಾಸಿದ ದೀಪದಿಂದ ಬಿಳಿಯ ಬೆಳಕು ಸೋರುತ್ತದೆ. ಹಿಂದಿನವನಿಗೆ ಗಾಡಿ ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದಾಗುತ್ತದೆ. ಅದೂ ಅಪಾಯವೇ. ಆದರೆ ಮಂಕು ಬೇರೆ, ಮಾಸುವುದು ಬೇರೆ. ಮೊದಲು ಸಾಬೂನು ನೀರಿನಲ್ಲಿ ತೊಳೆಯಿರಿ. ಪೆಟ್ರೋಲು, ಥಿನ್ನರು ಮುಟ್ಟಿಸಬೇಡಿ. ಆಮೇಲೆ ಬಲ್ಬು ಕಪ್ಪಾಗಿದೆಯೇ, ಮುಂಬಯಿಯ ಮಳೆನೀರು ಒಳಹೊಕ್ಕು ಹೋಲ್ಡರಿಗೂ ಅರ್ಥಿಂಗ್ ತಂತಿಗೂ ತುಕ್ಕು ಹಿಡಿದಿದೆಯೇ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಅಡಗಿರುತ್ತಾನೆ. ಮೇಲ್ಮೈ ಮಾತ್ರ ಮಂಜಾಗಿದ್ದರೆ ಅತಿ ನಯವಾದ ವಾಟರ್ ಪೇಪರನ್ನು ನೀರು ಹಾಕುತ್ತ ಉಜ್ಜಿ ಪಾಲಿಶ್ ಮಾಡಿದರೆ ಸಾಕು. ಇಷ್ಟನ್ನು ಮನೆಯಲ್ಲೇ ಮಾಡಬಹುದು, ಮಾಡಲೂಬೇಕು.

ಕೆಂಪೇ ಹೋಗಿದ್ದರೆ ಬದಲಾಯಿಸುವುದೊಂದೇ ದಾರಿ. ಪಾರದರ್ಶಕ ಕೆಂಪು ಸ್ಪ್ರೇ ಅಂಗಡಿಯಲ್ಲಿ ಸಿಗುತ್ತದೆ, ಎನಾಮೆಲಿಗಿಂತ ವಾಸಿ ಎಂಬುದನ್ನೂ ಒಪ್ಪುತ್ತೇನೆ. ಆದರೆ ಎಷ್ಟು ಬೆಳಕು ದಾಟಿತೆಂದು ಅಂಗಳದಲ್ಲಿ ಅಳೆಯುವವರು ಯಾರು? ಹೊಸದು ದುಬಾರಿಯಾದರೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಬಿಸಿಲಿಗೆ ಮಾಸದ ಜೋಡಿಯನ್ನು ಹುಡುಕಬಹುದು. ಹಾಕಿದ ಮೇಲೆ ರಾತ್ರಿ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ವಾಹನ ಓಡಾಡದ ರಸ್ತೆಯಲ್ಲಿ 200 ಹೆಜ್ಜೆ ಹಿಂದೆ ನಡೆದು ತಿರುಗಿ ನೋಡಲಿ. ಕೆಂಪು ಸ್ಪಷ್ಟವಾಗಿ ಕಂಡರೆ ಸರಿ, ಕಾಣದಿದ್ದರೆ ಗಾಡಿ ಹೊರಡಕೂಡದು.

ಕಡೆಗೆ ಧಣಿಗಳಿಗೆ ಒಂದು ಮಾತು. ಗಲ್ಲಾದ ಮೇಲಿನ ದೇವರ ಪಟಕ್ಕೆ ದಿನವೂ ದೀಪ ಹಚ್ಚುವವರು ನೀವು. ನಸುಕಿನಲ್ಲಿ ನಿಮಗಾಗಿ ತರಕಾರಿ ತರಲು ಹೋಗುವ ಹುಡುಗರ ಬೆನ್ನಿಗೂ ಒಂದು ದೀಪ ಬೇಡವೇ? ಹಿಂದಿನಿಂದ ಲಾರಿ ಬಡಿದರೆ ಮೊದಲ ಪೆಟ್ಟು ತಗಲುವುದು ಗೋಣಿಯ ಮೇಲೆ ಕುಳಿತ ಮಾಣಿಗೆ. ಪೊಲೀಸರು ಹಾಕಿದ ದಂಡವನ್ನೂ ಚಾಲಕನ ಸಂಬಳದಿಂದಲೇ ಮುರಿದುಕೊಳ್ಳುವ ಪದ್ಧತಿ ನಿಲ್ಲಲಿ. ಗಾಡಿಯ ಲಾಭ ನಿಮ್ಮದಾದರೆ ಅದರ ದೀಪದ ಖರ್ಚೂ ನಿಮ್ಮದೇ.

ಚಾಲಕ ಬಂಧುಗಳೇ, 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದವರೂ, ಅವರ ಮಕ್ಕಳೂ ನಿಮ್ಮಲ್ಲಿದ್ದೀರಿ. ಕೆಲಸ ಹೋದೀತೆಂಬ ಭಯ ಏನೆಂದು ನಿಮಗೆ ಗೊತ್ತು. ಆದ್ದರಿಂದ ಒಬ್ಬನೇ ಎದುರಾಡು ಎಂದು ನಾನು ಹೇಳುವುದಿಲ್ಲ. ನಾಲ್ವರು ಕೂಡಿ ಹೋಗಿ. ಧಣಿ ಬಣ್ಣದ ಡಬ್ಬಿ ಕೊಟ್ಟರೆ ವಿನಯದಿಂದ ಮರಳಿಸಿ, "ಇದು ಗೇಟಿಗೆ, ದೀಪಕ್ಕೆ ದೀಪವೇ ಬೇಕು" ಎನ್ನಿ.

ಹಿಂದಿನ ದೀಪ ಹಿಂದೆ ಬರುವವನ ಸೊತ್ತು. ನಾಳೆ ಇನ್ನೊಂದು ಗಾಡಿಯ ಹಿಂದೆ ಬರುವವರು ನಾವೇ ಎಂಬುದನ್ನು ಮರೆಯದಿರೋಣ.